ಅತ್ತೆಮ್ಮನ ಅಂಗೈ ಮತ್ತು ಕಾರಿನ ವೂಫರ್

ಸೂಜಿ ಬಿದ್ದರೆ ನಮ್ಮ ಮನೆಯಲ್ಲಿ ಯಾರೂ ನೆಲ ತಡಕುವುದಿಲ್ಲ. ಹೊಲಿಗೆ ಡಬ್ಬದಲ್ಲಿ ಕಪ್ಪಗೆ, ಕೋಡುಬಳೆಯಂತೆ ದುಂಡಗಿರುವ ಅಯಸ್ಕಾಂತವೊಂದಿದೆ. ನೆಲದ ಮೇಲೆ ಒಮ್ಮೆ ಆಡಿಸಿದರೆ ಸೂಜಿ ತಾನೇ ಬಂದು ಅಂಟಿಕೊಳ್ಳುತ್ತದೆ. ಇಂದು ಬೆಳಿಗ್ಗೆ ಅತ್ತೆಮ್ಮನ ರವಿಕೆಗೆ ಹುಕ್ಕು ಹಾಕುವಾಗಲೂ ಹಾಗೇ ಆಯಿತು. ಆ ಅಯಸ್ಕಾಂತ ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಕಾಲಕ್ಕೆ ಗುಡುಗುತ್ತಿದ್ದ ವೂಫರಿನಿಂದ ಕಳಚಿಕೊಂಡದ್ದು ಎಂದರೆ ನೀವು ನಂಬಬೇಕು.

ವೂಫರ್ ಎಂದರೆ ನನಗೆ ತಿಳಿದಷ್ಟು ಹೇಳುತ್ತೇನೆ. ಹಾಡುವವರ ದನಿಯನ್ನು ಬಾಗಿಲ ಬಳಿಯ ಸಣ್ಣ ಸ್ಪೀಕರುಗಳು ನೋಡಿಕೊಳ್ಳುತ್ತವೆ. ಡೋಲು, ತಮಟೆಯ ದಪ್ಪ ಸದ್ದಿಗೆ ಮಾತ್ರ ಹಿಂದಿನ ಮರದ ಪೆಟ್ಟಿಗೆಯೊಳಗಿನ ಈ ದೊಡ್ಡಣ್ಣ. ಯಜಮಾನರು ಹಳೆಯ ಕಾರು ಕೊಂಡಾಗ ಅದೂ ಜೊತೆಗೇ ಬಂದಿತ್ತು. "ಇದ್ಯಾಕೆ ನಮ್ಗೆ, ಮೆರವಣ್ಗೆ ಹೊಂಟಿದ್ದೀವಾ?" ಎಂದು ನಾನು ಮೂಗು ಮುರಿದಿದ್ದೆ, ಅತ್ತೆಮ್ಮ ಹಿಂದಿನ ಸೀಟಿನಲ್ಲಿ ಕೂರುವ ತನಕ.

ಅತ್ತೆಮ್ಮ ಯಳಂದೂರು ಕಡೆಯ ಹೊನ್ನೂರಿನವರು. ನಾಟಿ ಹಾಕುತ್ತಾ ಬೆಳಗಿನಿಂದ ಸಂಜೆಯವರೆಗೆ ಪದ ಹೇಳುತ್ತಿದ್ದ ಹೆಂಗಸು. ಕಿವಿ ಪೂರ್ತಿ ಹೋದ ಮೇಲೆ ಹಾಡುವುದನ್ನೂ ಬಿಟ್ಟಿದ್ದರು. ಕಾರಿನಲ್ಲಿ ಮಾದಪ್ಪನ ಪದಗಳ ಕ್ಯಾಸೆಟ್ಟು ಹಾಕಿದ ದಿನ ಸೀಟಿಗೆ ಅಂಗೈ ಊರಿ ನೆಟ್ಟಗಾದರು. "ಲೇ ಮಗಾ, ಪದ ಬತ್ತಾ ಅದೆ ಕಣ್ಲಾ!" ಬರಬರುತ್ತಾ ಬೆನ್ನಿಗೆ ಬಡಿಯುವ ಏಟಿನಿಂದಲೇ ಇದು ಇಂಥ ಪದ ಎಂದು ಹೇಳಿ, ತುಟಿ ಆಡಿಸತೊಡಗಿದರು. ದೇವರು ಬಾಗಿಲು ಮುಚ್ಚಿ ಡಿಕ್ಕಿ ತೆರೆದಿದ್ದಾನೆ ಎಂದುಕೊಂಡೆ.

ಆ ವರ್ಷದ ಆಯುಧಪೂಜೆ ಕಳೆದು ವಾರವಾಗಿರಬೇಕು. ಮರುದಿನ ಮಾದಪ್ಪನ ಬೆಟ್ಟಕ್ಕೆ ಹೊರಡುವುದಿತ್ತು. ಪುಳಿಯೋಗರೆಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಹನೂರಿನ ನೆಂಟರ ಮನೆಗೆ ಯಜಮಾನರ ಜೊತೆ ಕಾರಿನಲ್ಲಿ ಹೋಗಿದ್ದ ಅತ್ತೆಮ್ಮ ಹಿಂತಿರುಗಿ ಬಾಗಿಲಲ್ಲೇ ಕೂತುಬಿಟ್ಟರು.

"ಕಾರಿನ ಎದೆ ನಿಂತೋಯ್ತು ಕಣಮ್ಮಿ. ಪದ ಬರಾಕಿಲ್ಲ. ನಾಳೀಕೆ ನಾನ್ ಬರಾಕಿಲ್ಲ, ನೀವೇ ಓಗ್ಬನ್ನಿ."

ಪದವಿಲ್ಲದೆ ಬೆಟ್ಟ ಹತ್ತುವುದೆಂದರೆ ಅವರಿಗೆ ಕಾಲು ತೊಳೆಯದೆ ಗುಡಿಯೊಳಗೆ ನುಗ್ಗಿದಂತೆ. ನನ್ನ ಕೈ ಹುಣಸೆಯಲ್ಲೇ ನಿಂತಿತು. ಯಾಕೆಂದರೆ ತಪ್ಪು ಯಾರದ್ದೆಂದು ನನಗೆ ಗೊತ್ತಿತ್ತು. ಪೂಜೆಯ ದಿನ ಈಳಿಗೆಮಣೆ, ಕುಡುಗೋಲು, ಮಿಕ್ಸಿ, ಕಾರು ಎಲ್ಲಕ್ಕೂ ವಿಭೂತಿ ಇಟ್ಟವಳು, ಒಬ್ಬನನ್ನು ಬಿಟ್ಟರೆ ಮುನಿಸು ಎಂದು ವೂಫರಿನ ಮುಖಕ್ಕೂ ಮೂರು ಪಟ್ಟೆ ಎಳೆದಿದ್ದೆ. ನೀರಿನಲ್ಲಿ ಕಲಸಿದ ವಿಭೂತಿ. ಮೇಲೊಂದು ಕುಂಕುಮ, ಅದರ ಮೇಲೆ ತೀರ್ಥ. ಆ ಮುಖ ಕಾಗದದ್ದೆಂದು ತಿಳಿದದ್ದು ಬೆರಳಡಿ ಮೆತ್ತಗಾದಾಗ. ಮಾದಪ್ಪಾ, ನಿನ್ನ ವಿಭೂತಿಯಿಂದಲೇ ನಿನ್ನ ಪದ ನಿಲ್ಲಿಸಿದೆನಾ?

ಪುಣ್ಯಕ್ಕೆ ನಮ್ಮ ಕೊಳ್ಳೇಗಾಲದ ಪೇಟೆಯಲ್ಲಿ ರೇಡಿಯೋ ರಿಪೇರಿಯ ರಾಚಣ್ಣ ಅಂಗಡಿ ಮುಚ್ಚಿರಲಿಲ್ಲ. ಬಂದು ಡಿಕ್ಕಿ ತೆಗೆದವನೇ ನಕ್ಕ. "ಇದೇನವ್ವ, ಸ್ಪೀಕರ್‌ಗೂ ಅಭಿಷೇಕವಾ?"

ನಾನು ಸೆರಗು ಸರಿಮಾಡಿಕೊಂಡೆ. ಅವನು ವೂಫರಿನ ತಂತಿ ಬಿಚ್ಚಿ ಬೇರೊಂದು ಸ್ಪೀಕರಿಗೆ ಕೊಟ್ಟ, ಸದ್ದು ಬಂತು. ಹಾಗಾದರೆ ತಂತಿ, ಆಂಪ್ಲಿಫೈಯರ್ ಎರಡೂ ನೆಟ್ಟಗಿವೆ. ಆಮೇಲೆ ಟಾರ್ಚಿನ ಸೆಲ್ಲೊಂದನ್ನು ವೂಫರಿಗೆ ಮುಟ್ಟಿಸಿದ. ಜೀವವಿದ್ದರೆ ಕಾಗದ 'ಟಪ್' ಎಂದು ನೆಗೆಯಬೇಕಂತೆ. ನೆಗೆಯಲಿಲ್ಲ. ಎರಡು ಕೈಯಿಂದ ಮೆಲ್ಲಗೆ ಒತ್ತಿದ; ಒಳಗೆ ಕರಕರ. ಮೂಸಿ ನೋಡಿ, "ಒಳ್ಗಿನ ತಂತಿ ಸುರುಳಿ, ಕಾಯಿಲ್ ಸುಟ್ಟೋಗದೆ" ಎಂದ.

"ನೀರು ಬಿದ್ದಿದ್ಕಾ ಅಣ್ಣ? ನಾನೇ ಬಳ್ದಿದ್ದು," ಎಂದು ಒಪ್ಪಿಕೊಂಡೆ.

"ನೀರ್ಗೆ ಪೇಪರ್ ಮೆತ್ಗಾಯ್ತದೆ, ಕಾಯಿಲ್ ಸುಡಾಕಿಲ್ಲ ಬುಡವ್ವ. ಯಾರೋ ಸೌಂಡ್ನ ಕೊನೇ ಗಂಟ ತಿರುವವ್ರೆ."

ಯಜಮಾನರು ಇದ್ದಕ್ಕಿದ್ದಂತೆ ಟೈರಿನ ಗಾಳಿ ನೋಡತೊಡಗಿದರು. "ನಾನೇ ತಿರುವಿದ್ದು. ಅವ್ವ ಇನ್ನೊಸಿ ಜಾಸ್ತಿ ಮಾಡು, ಇನ್ನೊಸಿ ಅಂತಿತ್ತು..."

ನಮ್ಮ ಮುಖಗಳನ್ನೇ ಓದುತ್ತಿದ್ದ ಅತ್ತೆಮ್ಮ ಎದ್ದು ಬಂದರು. "ನಾನೇ ಕಣ್ಲಾ ಏಳಿದ್ದು. ಅನೂರ್ ರಸ್ತೇಲಿ ಗುಂಡಿ ಏಟು ಯಾವ್ದು, ಪದದ ಏಟು ಯಾವ್ದು ಗೊತ್ತಾಗ್ನಿಲ್ಲ. ಅದ್ಕೇ ಜಾಸ್ತಿ ಮಾಡ್ಸ್ದೆ!"

"ಒಂದ್ ಕಾಯಿಲ್‌ಗೆ ಮೂರ್ ಜನ ತಪ್ಪೊಪ್ಕಂಡ್ರೆ ನಾನ್ ಯಾರ್ನ ಇಡ್ಕಳ್ಳಿ?" ಎಂದ ರಾಚಣ್ಣ.

ಅದೇ ಅಳತೆಯ ಹೊಸದು ಅವನ ಅಂಗಡಿಯಲ್ಲಿತ್ತು, ಹಳೆಯ ಸ್ಕ್ರೂ ತೂತುಗಳಿಗೇ ಕೂತಿತು. ಎರಡೂ ದೇವರ ದಯೆ. ಕ್ಯಾಸೆಟ್ಟು ಹಾಕಿದಾಗ ನಮಗೆಲ್ಲ ಭೇಷಾಗಿ ಕೇಳಿಸಿತು. ಅತ್ತೆಮ್ಮ ಸೀಟಿಗೆ ಅಂಗೈ ಊರಿ ಮುಖ ಸಣ್ಣ ಮಾಡಿದರು.

"ಬತ್ತದೆ, ಕಸುವಿಲ್ಲ. ಒಟ್ಟೆ ಅಸ್ಕಂಡವ್ನು ಡೋಲು ಬಡ್ದಂಗದೆ."

ರಾಚಣ್ಣ ತಲೆ ಕೆರೆದುಕೊಂಡು ಪೆಟ್ಟಿಗೆಯ ಹಿಂದೆ ಕೈ ಹಾಕಿದವನು ನಾಲಿಗೆ ಕಚ್ಚಿಕೊಂಡ. ಎರಡು ತಂತಿ ಅದಲುಬದಲಾಗಿದ್ದವು. ಮುಂದಿನ ಸ್ಪೀಕರುಗಳು ಮುಂದಕ್ಕೆ ತಳ್ಳಿದರೆ ಇದು ಹಿಂದಕ್ಕೆ ಎಳೆಯುತ್ತಿತ್ತಂತೆ. ತಿರುಗಿಸಿ ಕೊಟ್ಟ. ಅತ್ತೆಮ್ಮ ಕಣ್ಣು ಮುಚ್ಚಿದರು. ತುಟಿ ಆಡಿತು, ಆಮೇಲೆ ದನಿಯೇ ಹೊರಬಂತು. ವರ್ಷಗಳಿಂದ ಬಳಸದ, ಶ್ರುತಿ ಎತ್ತಲೋ ಹೋದ ಗಟ್ಟಿ ದನಿ. ಆಚೆಮನೆಯವರು ಇಣುಕಿ ನೋಡಿದರು, ನೋಡಲಿ.

"ಇನ್ಮೇಲೆ ಚೆಕ್ ಮಾಡಾಕೆ ಮೀಟರ್ ಬ್ಯಾಡ, ಈ ಅವ್ವನ್ನೇ ಕರ್ಕಂಡೋಯ್ತೀನಿ," ಎಂದು ರಾಚಣ್ಣ ಸುಟ್ಟ ವೂಫರಿನ ಅಯಸ್ಕಾಂತ ಕಳಚಿ ನನ್ನ ಕೈಗಿಟ್ಟು ಸಾಮಾನು ಕಟ್ಟಿದ. ಹೋಗುವಾಗ ನನ್ನತ್ತ ತಿರುಗಿ, "ವಿಭೂತಿ ಮರಕ್ಕೆ ಇಡವ್ವ, ಕಾಗ್ದಕ್ಕೆ ಬ್ಯಾಡ," ಎಂದ. ಮರದ ಪೆಟ್ಟಿಗೆಗೇ ಇಟ್ಟೆ. ಅತ್ತೆಮ್ಮ ಬೆಟ್ಟದ ಅಷ್ಟೂ ತಿರುವುಗಳಲ್ಲಿ ಹಾಡಿದರು.

ಇಂದು ಬೆಳಿಗ್ಗೆ ಹುಕ್ಕು ಹಾಕಿ ಮುಗಿಸಿ, ಅಯಸ್ಕಾಂತವನ್ನು ಡಬ್ಬಕ್ಕೆ ಹಾಕಿ ಚಟ್ನಿಗೆ ಕಾಯಿ ರುಬ್ಬಲು ಎದ್ದೆ. ಮಿಕ್ಸಿ ನಿಲ್ಲಿಸುವಷ್ಟರಲ್ಲಿ ಅಡುಗೆ ಕಟ್ಟೆಗೆ ಅಂಗೈ ಊರಿ ನಿಂತಿದ್ದ ಅತ್ತೆಮ್ಮ ತಲೆಯಾಡಿಸಿದರು. "ನುಣ್ಣಗಾಗಿಲ್ಲ ಕಣಮ್ಮಿ, ಇನ್ನೊಸಿ."

ಮೊದಲಾದರೆ ಮುಚ್ಚಳ ತೆಗೆದು ನೋಡುತ್ತಿದ್ದೆ. ಈಗ ನೋಡುವುದಿಲ್ಲ. ಅವರ ಅಂಗೈ ಪಕ್ಕ ನನ್ನದೂ ಊರಿ, ಸ್ವಿಚ್ಚು ಮತ್ತೆ ತಿರುಗಿಸಿದೆ.