ಕಾರಿನಡಿ ಬಗ್ಗಿ ನೋಡುತ್ತಿದ್ದವರು

ಫೋಟೊ ತೆಗೆಯಲೆಂದು ಅರಸೀಕೆರೆಯಲ್ಲಿ ರೈಲಿಳಿದ ನಾನು ಒಂದು ದಿನಕ್ಕೆ ಗೊತ್ತು ಮಾಡಿಕೊಂಡ ಕಾರಿನ ಡ್ರೈವರ್ ಅವರು. ಹೆಚ್ಚು ಮಾತಿಲ್ಲ. ಒಕ್ಕಣೆಗೆಂದು ರಸ್ತೆಗೆ ಹರಡಿದ ಹುರುಳಿಯ ಮೇಲೆ ಕಾರು ಹಾಯ್ದಾಗಲೆಲ್ಲ ನಿಲ್ಲಿಸಿ, “ಕೆಳಗೊಂಚೂರು ನೋಡ್ಬುಟ್ಟು ಬತ್ತೀನಿ ಮೇಡಂ” ಎಂದು ಇಳಿಯುವರು. ಮಂಡಿಯೂರಿ, ಕಾರಿನಡಿ ಸಿಕ್ಕಿಕೊಂಡ ಒಣ ಬಳ್ಳಿಯನ್ನು ಎಳೆದು ಹಾಕಿ, ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು ಮತ್ತೆ ಹತ್ತುವರು.

ಬೇಲೂರಿನಲ್ಲಿ ಅರ್ಧ ದಿನ ಫೋಟೊ ತೆಗೆದು ದಣಿದಿದ್ದೆ. ಹಳೇಬೀಡಿನ ಗೋಡೆಗಳ ಮೇಲೆ ಸಂಜೆಯ ಬಿಸಿಲು ಬೇಕಿತ್ತು. ದಾರಿಯಲ್ಲಿ ಮತ್ತೆ ಹುರುಳಿ ಸಿಕ್ಕಿತು. ದಾಟಿದ ಮೇಲೆ ಅವರು ನಿಲ್ಲಿಸಹೋದಾಗ ನಾನೇ ಸಿಡುಕಿದೆ.

“ಪ್ರತಿ ಸಲ ಏನ್ ನೋಡ್ತೀರಿ? ಬಿಸಿಲು ಹೋಗುತ್ತೆ, ನಡೀರಿ.”

“ಆಯ್ತು ಬುಡಿ.”

ತುಸು ದೂರದಲ್ಲೇ ಹೊಗೆ ಬಂತು. ಬಿಸಿ ಸೈಲೆನ್ಸರಿಗೆ ಸುತ್ತಿದ ಬಳ್ಳಿ ಹೊತ್ತಿಕೊಂಡಿತ್ತು. ಕಾರು ನಿಲ್ಲುವಷ್ಟರಲ್ಲಿ ಕಿಟಕಿಯಾಚೆ ಬೆಂಕಿ ಕಾಣಿಸುತ್ತಿತ್ತು. ನಾನು ಕ್ಯಾಮೆರಾ ಬ್ಯಾಗಿಗೆ ಕೈ ಚಾಚುತ್ತಿದ್ದೆ. ಅವರು ಸುತ್ತಿ ಬಂದು, ಕಾದ ಬಾಗಿಲನ್ನು ಬರಿಗೈಯಲ್ಲೇ ತೆಗೆದು, ತೋಳು ಹಿಡಿದು ನನ್ನನ್ನು ಹೊರಗೆಳೆದರು. ಆ ಎಳೆತ ಇನ್ನೂ ತೋಳಿನಲ್ಲಿದೆ. ಯಾವ ಕಾರು ಹತ್ತಿದರೂ ಮೊದಲು ಹೊಗೆಯ ವಾಸನೆ ಹುಡುಕುತ್ತೇನೆ.

ಹುರುಳಿ ಒಕ್ಕುತ್ತಿದ್ದವರು ಓಡಿಬಂದು ಮಣ್ಣೆರಚಿ ಬೆಂಕಿ ಆರಿಸಿದರು. ಕಾರಿನ ಒಂದು ಮಗ್ಗುಲು ಕಪ್ಪಾಗಿತ್ತು.

“ಇಳ್ದು ನೋಡ್ಬಾರ್ದೇನ್ಲಾ? ಆ ಹೆಣ್ಮಗಳ ಜೀವ ತೆಗೀತಿದ್ಯಲ್ಲೋ!” ಎಂದು ಅವರಲ್ಲೊಬ್ಬ ಮುದುಕಿ ಬೈದಳು.

ಡ್ರೈವರ್ ಸುಟ್ಟ ಅಂಗೈಗೆ ಟವೆಲು ಸುತ್ತಿಕೊಳ್ಳುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

“ಮರ್ತೋಯ್ತು ಕಣವ್ವ” ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.