ಅಕ್ಕನ ಮಶೀನಿಗೆ ಕುಸುಬಿ ಎಣ್ಣೆ

ನಮ್ಮ ಅಕ್ಕನ ತುರುಬಿನಲ್ಲಿ ಯಾವಾಗಲೂ ಪಾರಿವಾಳದ ಪುಕ್ಕವೊಂದು ಇರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೂ ಮುಡಿಯುವುದನ್ನು ಬಿಟ್ಟಳು, ಪುಕ್ಕ ಸಿಕ್ಕಿಸಿಕೊಳ್ಳುವುದನ್ನು ಬಿಡಲಿಲ್ಲ. ನೋಡಿದವರು ನಗುತ್ತಿದ್ದರು. ಅವಳಿಗೆ ಅದು ಅಲಂಕಾರವಲ್ಲ, ಹತ್ಯಾರ. ಹೊಲಿಗೆ ಮಶೀನಿನ ಸೂಜಿಯ ಕೆಳಗೆ, ಹಲ್ಲುಗಳ ಸಂದಿಯಲ್ಲಿ ಕೂತ ನೂಲಿನ ಧೂಳನ್ನು ಅದರಿಂದಲೇ ತೆಗೆಯುತ್ತಿದ್ದಳು. ಬಟ್ಟೆ ತುರುಕಿದರೆ ಎಳೆ ಸಿಕ್ಕಿಕೊಳ್ಳುತ್ತದೆ, ಕಡ್ಡಿ ಹಾಕಿದರೆ ಗೀರು ಬೀಳುತ್ತದೆ, ಪುಕ್ಕವೇ ಸರಿ ಎನ್ನುತ್ತಿದ್ದಳು.

ನಾವು ಬೆಟಗೇರಿಯ ನೇಕಾರರು. ಅವಳನ್ನು ಕೊಟ್ಟದ್ದು ಲಕ್ಷ್ಮೇಶ್ವರಕ್ಕೆ. ಭಾವ ಅಲ್ಲಿ ಬಟ್ಟೆ ಹೊಲಿಯುತ್ತಿದ್ದ. ಮಕ್ಕಳಾಗಲಿಲ್ಲ. ಅವನು ಹೋದಾಗ ಅಕ್ಕನ ಪಾಲಿಗೆ ಉಳಿದದ್ದು ಒಂದು ಕೋಣೆಯ ಮನೆ ಮತ್ತು ಕಾಲಿನಿಂದ ತುಳಿಯುವ ಆ ಮಶೀನು. ಅವ್ವ ಇನ್ನೂ ಬದುಕಿದ್ದಳು, ಬಂದುಬಿಡು ಎಂದು ಅತ್ತು ಕರೆದಳು.

"ನನ್ನ ಮನಿ ಬಾಗಲಾ ನಾನ ತೆಗದು ನಾನ ಹಾಕ್ಕೋಬೇಕವಾ. ತಮ್ಮನ ಮನಿಯಾಗ ಅದು ಆಗೂದಿಲ್ಲ" ಎಂದಳು ಅಕ್ಕ. ಕುಪ್ಪಸ, ಲಂಗ, ಮಕ್ಕಳ ಅಂಗಿ ಹೊಲಿಯುತ್ತ ಒಬ್ಬಳೇ ಬದುಕಿದಳು.

ಹಾಗೆ ಬದುಕಬೇಕಾದರೆ ಮಶೀನು ಕೆಡಬಾರದಿತ್ತು. ಶುಕ್ರವಾರ ಕೆಲಸ ಮುಗಿದ ಮೇಲೆ ಪುಕ್ಕ ಆಡಿಸಿ, ಸೀಸೆಯಲ್ಲಿದ್ದ ಮಶೀನಿನ ಎಣ್ಣೆಯನ್ನು ತೂತು ತೂತಿಗೂ ಹನಿ ಹನಿ ಬಿಟ್ಟು, ದಾರವಿಲ್ಲದೆ ಹಳೆಯ ಚಿಂದಿಯ ಮೇಲೆ ಓಡಿಸುತ್ತಿದ್ದಳು. ಹೆಚ್ಚಾದ ಎಣ್ಣೆಯನ್ನು ಚಿಂದಿ ಕುಡಿಯಬೇಕು, ಇಲ್ಲದಿದ್ದರೆ ಮರುದಿನ ಗಿರಾಕಿಯ ಬಟ್ಟೆಗೆ ಕಲೆ. ಅದು ಮುಗಿಯುವ ತನಕ ಒಲೆ ಹೊತ್ತುತ್ತಿರಲಿಲ್ಲ. ಒಮ್ಮೆ ನಾನು ಹೋದಾಗ ಹಸಿವು ತಡೆಯದೆ ರೇಗಿದೆ.

"ಮೊದಲ ನನಗ ರೊಟ್ಟಿ ಹಾಕು. ಅದಕ್ಕೇನ್ ಹಸಿವಿ?"

"ವಾರಾ ಎಲ್ಲಾ ಅದು ನನಗ ಹಾಕತೈತಿ. ಒಂದಿನ ನಾ ಅದಕ್ಕ ಹಾಕಿದ್ರ ನಿನ್ನ ಗಂಟೇನ್ ಹೋತು?"

ಮನೆಯ ಬೇರೆ ಸಾಮಾನುಗಳದ್ದೂ ಇದೇ ಕಥೆ. ಪಂಪಿನ ಸ್ಟೋವಿನ ತೊಗಲಿನ ವಾಷರು ಒಣಗದಂತೆ ಎಣ್ಣೆಯಲ್ಲಿ ನೆನೆಸುತ್ತಿದ್ದಳು. ಕಂದೀಲಿನ ಗಾಜನ್ನು ಬಿಸಿ ಇರುವಾಗ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪಕ್ಕದ ಮನೆಯವಳು ಸ್ಟೋವು ಕೇಳಲು ಬಂದರೆ, "ಒಯ್ಯವಾ, ಆದ್ರ ತೂತಿಗೆ ಪಿನ್ನಾ ನಾನ ಬಂದು ಹಾಕತೀನಿ. ನೀ ಚುಚ್ಚಿದ್ರ ಅದು ನಿನ್ನ ಗಂಡನಂಗ ಬುಸ್ ಅಂತೈತಿ" ಎನ್ನುತ್ತಿದ್ದಳು. ಪಕ್ಕದವಳು ನಗುತ್ತಲೇ ಒಯ್ಯುತ್ತಿದ್ದಳು.

ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ವಿಷಮಜ್ವರ ಬಂತು. ಆಗ ಅವ್ವ ಇರಲಿಲ್ಲ. ನಾನೇ ಚಕ್ಕಡಿ ಹೂಡಿಸಿಕೊಂಡು ಹೋದೆ. ಮಶೀನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಅದಕ್ಕೂ ಗೋಣಿ ಸುತ್ತಿ, ಅವಳ ಪಕ್ಕದಲ್ಲೇ ಇಟ್ಟು, ಮುಳಗುಂದದ ಮೇಲೆ ಹಾಯ್ದು ಬೆಟಗೇರಿಗೆ ತಂದೆ. ಇಲ್ಲಿ ಬಾವುಟ ಹಾರಿಸುವ ಸಡಗರ. ಲಕ್ಷ್ಮೇಶ್ವರ ಮಾತ್ರ ಇನ್ನೂ ಸಂಸ್ಥಾನದ ಊರಾಗಿಯೇ ಇತ್ತು. ಅಕ್ಕ ಮಲಗಿದಲ್ಲಿಂದಲೇ ಕೇಳಿದಳು:

"ನಿಮ್ಮೂರಿಗೆ ಸ್ವರಾಜ್ಯ ಬಂತು, ನಮ್ಮೂರಾಗ ಇನ್ನೂ ರಾಜಾ ಕುಂತಾನ. ಹಂಗಾರ ನಾ ಈಗ ಯಾರ ಪೈಕಿ ಲೇ ತಮ್ಮಾ?"

ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು.

ಜ್ವರದಲ್ಲೂ ಅವಳಿಗೆ ಮಶೀನಿನದೇ ಚಿಂತೆ. "ಶುಕ್ರವಾರಕ್ಕೊಮ್ಮೆ ಸೀಸೆದಾಗಿನ ಎಣ್ಣಿ ಬಿಡು, ಒಂದೀಟು ತುಳಿ, ಮುಚ್ಚಿಡು. ಅಷ್ಟ ಸಾಕು" ಎಂದಳು. ನಾನು ಹೂಂ ಎಂದೆ. ಆದರೆ ಗದಗಿನಲ್ಲಿ ಬಾವುಟ ನೋಡಲು ಹೋಗುವ ದಿನ ಬಾಡಿಗೆಗೆ ತಂದ ಸೈಕಲ್ಲು ಕಿರುಗುಟ್ಟುತ್ತಿತ್ತು. ಗೆಳೆಯರ ಮುಂದೆ ನಾಚಿಕೆಯಾಗಿ, ಆ ಸೀಸೆಯನ್ನೆಲ್ಲ ಸೈಕಲ್ಲಿನ ಸರಪಳಿಗೆ ಸುರಿದುಬಿಟ್ಟೆ. ಮತ್ತೆ ಕೊಳ್ಳಲು ಬಜಾರಕ್ಕೆ ಹೋದರೆ ಮಾಲು ಬಂದಿಲ್ಲ ಎಂದರು.

ಶುಕ್ರವಾರ ಬಂತು. ನಮ್ಮ ಮಗ್ಗದ ಲಾಳಿಗೆ ನಾವು ಕುಸುಬಿ ಎಣ್ಣೆಯನ್ನೇ ಸವರುತ್ತಿದ್ದೆವು. ಅಡಿಗೆಗೂ ಅದೇ, ಲಾಳಿಗೂ ಅದೇ. ದಿನವೂ ಓಡಾಡಿ ಒರೆಸಿಕೊಳ್ಳುವ ಲಾಳಿಗೆ ಅದರಿಂದ ತೊಂದರೆ ಇರಲಿಲ್ಲ. ಅದನ್ನೇ ಮಶೀನಿಗೂ ಬಿಟ್ಟೆ. ಗಾಲಿ ನುಣ್ಣಗೆ ತಿರುಗಿತು. ಮೊದಮೊದಲು ತುಳಿದೆ. ಆಮೇಲೆ ಬೇಸರವಾಗಿ ಎಣ್ಣೆ ಬಿಟ್ಟು ಹಾಗೆಯೇ ಮುಚ್ಚಿಡತೊಡಗಿದೆ. "ಎಣ್ಣಿ ಬಿಡಾಕತ್ತೀ ಇಲ್ಲೋ?" ಎಂದು ಅಕ್ಕ ಕೇಳುತ್ತಿದ್ದಳು. "ಬಿಡಾಕತ್ತೀನಿ" ಎನ್ನುತ್ತಿದ್ದೆ. ಸುಳ್ಳೇನೂ ಹೇಳಲಿಲ್ಲ.

ಕುಸುಬಿ ಎಣ್ಣೆ ನಿಂತಲ್ಲಿ ನಿಂತರೆ ಅಂಟಾಗುತ್ತದೆ, ಬೇಸಿಗೆಯಲ್ಲಿ ಅರಗಿನಂತೆ ಗಟ್ಟಿಯಾಗುತ್ತದೆ. ಇದು ನನಗೆ ಆಗ ಗೊತ್ತಿತ್ತೇ? ಇಲ್ಲಿಗೆ ಬಂದಾಗಲೆಲ್ಲ ನನ್ನ ನೆನಪು ಕಲಸಿಹೋಗುತ್ತದೆ. "ಅಡಗಿ ಎಣ್ಣಿ ಮಶೀನಿಗೆ ತೋರಸಬ್ಯಾಡ, ಹಲ್ಲು ಕಚ್ಚಿ ಕುಂಡ್ರತೈತಿ" ಎಂದು ಅಕ್ಕ ಹೇಳಿದ ಧ್ವನಿ ಕಿವಿಯಲ್ಲಿದೆ. ಆದರೆ ಹೇಳಿದ್ದು ನಾನು ಎಣ್ಣೆ ಬಿಡುವ ಮೊದಲೋ, ಎಷ್ಟೋ ವರ್ಷದ ನಂತರ ನನ್ನ ಮಗಳಿಗೋ? ಒಂದು ದಿನ ಹಾಗನ್ನಿಸುತ್ತದೆ, ಇನ್ನೊಂದು ದಿನ ಹೀಗನ್ನಿಸುತ್ತದೆ.

ಜ್ವರ ಬಿಟ್ಟರೂ ಅಕ್ಕನಿಗೆ ಶಕ್ತಿ ಬರಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ನನ್ನ ಹೆಂಡತಿ ಬಸುರಿಯಾದಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಅಕ್ಕನೇ ಬಾಣಂತನ ಮಾಡಿದಳು. ಹೊಗೆ ಕಾರುತ್ತಿದ್ದ ನಮ್ಮ ಸ್ಟೋವು ನೀಲಿಯಾಗಿ ಉರಿಯತೊಡಗಿತು. "ಅಕ್ಕಾರು ಹೋದ್ರ ನನ್ನ ಕೈ ಮುರದಂಗ ಆಗತೈತ್ರಿ" ಎಂದಳು ಹೆಂಡತಿ. ನನಗೂ ಅವಳು ಹೋಗುವುದು ಬೇಡವಾಗಿತ್ತು. ಇದನ್ನೂ ಬರೆಯಲೇಬೇಕು.

ಕೂಸಿಗೆ ವರ್ಷ ತುಂಬುವ ಬೇಸಿಗೆಯಲ್ಲಿ ಅಕ್ಕ ಹೊರಟಳು. ಚಕ್ಕಡಿ ಬಾಗಿಲಿಗೆ ಬಂತು. ಗೋಣಿ ಸುತ್ತುವ ಮೊದಲು ಮಶೀನಿನ ಗಾಲಿಗೆ ಕೈ ಹಾಕಿದಳು. ತಿರುಗಲಿಲ್ಲ. ಎರಡೂ ಕೈಯಿಂದ ಎಳೆದಳು. ತಿರುಗಲಿಲ್ಲ. ಬಗ್ಗಿ ಮೂಗು ಹತ್ತಿರ ಒಯ್ದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಮಗ್ಗದ ಕಡೆ ನೋಡಿದೆ.

"ತುಕ್ಕ ಹಿಡದಿರಬೇಕು" ಎಂದೆ.

"ಇರಬೇಕು" ಎಂದಳು. ಗೋಣಿ ಹೊದಿಸಿದಳು. ಚಕ್ಕಡಿಯನ್ನು ಹಿಂದಕ್ಕೆ ಕಳಿಸಿದೆವು.

ಅವಳು ನಮ್ಮಲ್ಲೇ ಉಳಿದಳು. ಉಳಿದ ಮಕ್ಕಳೂ ಅವಳ ತೊಡೆಯ ಮೇಲೆಯೇ ಬೆಳೆದವು. "ಅಕ್ಕಗ ಇಲ್ಲೇ ಮನಸ್ಸು ಹತ್ತೇತಿ" ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ರಾತ್ರಿ ಬಾಗಿಲು ಹಾಕುವ ಮೊದಲು ಅವಳು "ಹಾಕ್ಲೇನವಾ?" ಎಂದು ನನ್ನ ಹೆಂಡತಿಯನ್ನು ಕೇಳುವುದು ಮಾತ್ರ ನನ್ನ ಕಿವಿಗೆ ಬೀಳುತ್ತಿತ್ತು. ಅಂಟಿಗೆ ಸ್ಟೋವಿಗೆ ಹಾಕುವ ಚಿಮಣಿ ಎಣ್ಣೆಯೇ ಮದ್ದು ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದರೆ ನಂಬುವುದು ಹೇಗೆ? ಸ್ಟೋವಿನ ಜಿಡ್ಡನ್ನು ಅದರಿಂದಲೇ ತೆಗೆಯುತ್ತಿದ್ದಳು. ಆ ಮಶೀನಿಗೆ ಮಾತ್ರ ಒಂದು ಹನಿ ಬಿಡಲಿಲ್ಲ.

ಏಕೀಕರಣದ ಮಾತು ಊರತುಂಬ ಕೇಳಿಬರುತ್ತಿದ್ದ ಕಾಲ. ಮಗಳಿಗೆ ಹೊಲಿಗೆ ಕಲಿಸೋಣ ಎಂದು ಹೆಂಡತಿ ಓಣಿಗೆ ಬಂದಿದ್ದ ರಿಪೇರಿಯವನನ್ನು ಕರೆದಳು. ಅವನು ಚಿಮಣಿ ಎಣ್ಣೆ ಸುರಿದು, ಚಹಾ ಕುಡಿದು, ಗಾಲಿಗೆ ನಾಲ್ಕು ಪೆಟ್ಟು ಹಾಕಿದ. ತಿರುಗಿತು. ಕಪ್ಪು ಅಂಟನ್ನು ಉಗುರಿನಿಂದ ಕೆರೆದು ಮೂಸಿ, "ಯಾರ್ರೀ ಇದಕ್ಕ ಒಗ್ಗರಣಿ ಹಾಕಿದವ್ರು?" ಎಂದ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

"ನಾನ" ಎಂದೆ. ಆ ಮಾತು ಹೇಗೆ ಹೊರಬಿತ್ತೋ ತಿಳಿಯದು.

"ಗೊತ್ತೈತಿ. ವಾಸನಿ ಬರೂದಿಲ್ಲೇನು?" ಎಂದಳು ಅಕ್ಕ.

"ಮತ್ತ ಎದಕ ಸುಮ್ಮ ಕುಂತಿ? ಚಿಮಣಿ ಎಣ್ಣಿ ಮನ್ಯಾಗ ಇತ್ತಲ್ಲ."

"ನೀ ಹೇಳಲಿ ಅಂತ."

ಮರುದಿನವೇ ಅವಳು ಮಶೀನು ಹೇರಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದಳು. ಮಕ್ಕಳು ಅತ್ತರೂ ನಿಲ್ಲಲಿಲ್ಲ. ಮನಸ್ಸು ಹತ್ತಿದವಳು ಹಾಗೆ ಹೋಗುತ್ತಾಳೆಯೇ? ಮುಚ್ಚಿದ್ದ ಮನೆ ತೆಗೆದು, ಗೋಡೆ ಸಾರಿಸಿ, ಮತ್ತೆ ಹೊಲಿಯಲು ಕೂತಳು. ಕಣ್ಣು ಮಂದವಾಗುವ ತನಕ ಹೊಲಿದಳು.

ಅವಳ ಕೊನೆಯ ಬೇನೆಯಲ್ಲಿ ನಾನು ಹೋಗಿ ಹತ್ತಿರ ಕೂತಿದ್ದೆ. ಕೇಳಲೋ ಬೇಡವೋ ಎಂದು ಒದ್ದಾಡಿ ಕೇಳಿದೆ: "ಅಕ್ಕಾ, ನಾ ಹೇಳಲಿ ಅಂತ ಅಷ್ಟು ವರ್ಷ ಕಾಯ್ದೇನು?"

"ನಾ ಎಲ್ಲಿ ಕಾಯ್ದೆ? ನನಗ ಗೊತ್ತ ಇರಲಿಲ್ಲ. ತುಕ್ಕ ಅಂದಿ, ತುಕ್ಕ ಅಂದ್ಕೊಂಡೆ. ಅವತ್ತ ಮಂದಿ ಮುಂದ ನಿನ್ನ ಮಾರಿ ಸಣ್ಣದಾತು, ಅದಕ್ಕ ಗೊತ್ತೈತಿ ಅಂದೆ."

"ಹಂಗಾರ ಖರೆ ಯಾವದು?"

"ನಿನಗ ನಿದ್ದಿ ಹತ್ತೂವಂಥಾದ್ದು ಇಟ್ಕೋ" ಎಂದು ಗೋಡೆಯ ಕಡೆ ಹೊರಳಿದಳು. ಆ ವಾರದಲ್ಲೇ ತೀರಿಕೊಂಡಳು.

ಅವಳಿಗೆ ಗೊತ್ತಿತ್ತು ಎಂದುಕೊಂಡರೆ, ನನ್ನ ಒಂದು ಮಾತಿಗಾಗಿ ಅಕ್ಕ ತನ್ನ ಮನೆಯನ್ನು ಅಷ್ಟು ವರ್ಷ ಮುಚ್ಚಿಟ್ಟು ಕೂತಳು. ಗೊತ್ತಿರಲಿಲ್ಲ ಎಂದುಕೊಂಡರೆ, ಆ ವರ್ಷಗಳನ್ನು ಅವಳ ಕೈಯಿಂದ ನಾನೇ ಕಸಿದುಕೊಂಡೆ. ಅವಳು ಹೇಳಿದಂತೆ ಒಂದನ್ನು ಇಟ್ಟುಕೊಳ್ಳಲು ನೋಡುತ್ತೇನೆ. ಎರಡರಲ್ಲಿ ಯಾವುದಕ್ಕೂ ನಿದ್ದೆ ಹತ್ತುವುದಿಲ್ಲ.