ಟೇಪಿನಡಿಯ ಮುಖ

ನ್ಯಾಮತಿ ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಸ್ತೂರಮ್ಮ ಅಂಗಡಿಯ ಕದ ಅರ್ಧ ತೆರೆದು, ಶಿವಪಾರ್ವತಿಯರ ಪಟವನ್ನು ಬೋರಲು ಮಲಗಿಸಿಕೊಂಡು, ಚೌಕಟ್ಟಿನ ಹಿಂಬದಿಗೆ ಟೇಪು ಎಳೆಯುತ್ತಿದ್ದಾರೆ. ಎಳೆದ ಮೇಲೆ ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತುತ್ತಾರೆ, ಮಗುವಿನ ಬೆನ್ನು ನೀವುವಷ್ಟು ನಿಧಾನವಾಗಿ. ಮೊದಲ ಬಸ್ಸು ಬಂದು ಧೂಳೆಬ್ಬಿಸುವ ಮೊದಲೇ ಈ ಕೆಲಸ ಮುಗಿಯಬೇಕು. "ಧೂಳು ಕುಂತರೆ ಟೇಪು ಧೂಳನ್ನೇ ಹಿಡ್ಕಂತೈತೆ, ಕಟ್ಟಿಗೇನ ಬಿಡ್ತೈತೆ," ಎನ್ನುತ್ತಾರೆ.

ಫೋಟೊಗಳಿಗೆ ಕಟ್ಟು ಹಾಕುವುದು ಇವರ ಕಸುಬು. ಜಗಳೂರಿನಿಂದ ಸೊಸೆಯಾಗಿ ಬಂದಾಗ ಮಾವ ಗಾದ್ರಪ್ಪನವರಿಂದ ಕಲಿತದ್ದು. ಆಗ ಅಂಗಡಿಯಲ್ಲಿ ಟೇಪು ಇರಲಿಲ್ಲ. ಹಿತ್ತಲಿನ ಒಲೆಯ ಮೇಲೆ ಅತ್ತೆ ಮೈದಾ ಗಂಜಿ ಕುದಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಕಂದು ಕಾಗದದ ಪಟ್ಟಿಗೆ ಅದನ್ನು ಸವರಿ ಅಂಟಿಸಿ, ಒಣಗುವವರೆಗೆ ಎಲ್ಲರೂ ಕೂತು ಚಹಾ ಕುಡಿಯುತ್ತಿದ್ದರಂತೆ. ಈಗ ಹೊನ್ನಾಳಿಯ ಪೇಟೆಯಿಂದ ಟೇಪಿನ ಸುರುಳಿ ತರುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಕೂತು ಮಾತಾಡುವ ಹೊತ್ತೇ ಹೋಯಿತು ಎಂಬ ಸಣ್ಣ ಬೇಸರ ಅವರಿಗೆ.

ಟೇಪು ಹೇಗೆ ಅಂಟುತ್ತದೆ ಎಂದು ಕೇಳಿದರೆ ಬೆಲ್ಲದ ಪಾಕದ ಮಾತು ತೆಗೆಯುತ್ತಾರೆ. ಎಳೆ ಪಾಕದ ಹಾಗೆ ಅಂಟು ಮೆತ್ತಗಿರಬೇಕು. ಒತ್ತಿದಾಗ ಕಣ್ಣಿಗೆ ಕಾಣದ ತಗ್ಗುಗಳಿಗೆಲ್ಲ ಇಳಿಯಬೇಕು, ಎಳೆದಾಗ ನೂಲಿನಂತೆ ಜಗ್ಗಿ ಹಿಡಿಯಬೇಕು. ವರ್ಷಗಳು ಕಳೆದಂತೆ ಗಾಳಿ, ಬೆಳಕು ತಾಗಿ ಪಾಕ ಗಟ್ಟಿಯಾಗುತ್ತದೆ. ಹಳದಿಗಟ್ಟಿ ಸೆಟೆದು, ಚೂರಾಗಿ ಉದುರುತ್ತದೆ. ಜಗಳೂರಿನ ಕಡೆಯ ಪಟಗಳಲ್ಲಿ ಬಿಸಿಲಿಗೆ ಅಂಟು ಕರಗಿ ಅಂಚಿಗೆ ಜಾರಿರುತ್ತದೆ. ಸೂಳೆಕೆರೆ ಸುತ್ತಲಿನವುಗಳಲ್ಲಿ ತೇವಕ್ಕೆ ಟೇಪು ಸುರುಳಿ ಸುತ್ತಿರುತ್ತದೆ.

ಇಂದು ಬಾಗಿಲಲ್ಲಿ ಚನ್ನಗಿರಿ ಕಡೆಯ ರೈತ ಜಯದೇವಪ್ಪ ನಿಂತಿದ್ದಾರೆ. ತೀರಿಹೋದ ತಾಯಿ ಅನ್ನಪೂರ್ಣಮ್ಮನವರದು ಮನೆಯಲ್ಲಿ ಇರುವುದು ಇದೊಂದೇ ಫೋಟೊ. ಹಿಂದೊಮ್ಮೆ ಪಟ ಬಿದ್ದು, ಗಾಜು ಒಡೆದು, ಮುಖದ ನಡುವೆಯೇ ಹರಿದಿತ್ತು. ಆಗ ಜಯದೇವಪ್ಪನವರೇ ಮೇಲಿಂದ ಟೇಪು ಹಾಕಿದ್ದರು. ಈಗ ಆ ಹಳದಿ ಪಟ್ಟಿಯಡಿ ತಾಯಿಯ ಕಣ್ಣು ಮಬ್ಬಾಗಿದೆ. ಕಿತ್ತರೆ ಮುಖವೂ ಎದ್ದುಬರಬಹುದು, ಬಿಟ್ಟರೆ ಕಲೆ ಇನ್ನೂ ಹರಡುತ್ತದೆ.

ಕಸ್ತೂರಮ್ಮ ಭರವಸೆ ಕೊಡುವುದಿಲ್ಲ. ಇಸ್ತ್ರಿಪೆಟ್ಟಿಗೆಯಿಂದ ಬಟ್ಟೆಯ ಮಡಿಕೆ ಬೆಚ್ಚಗೆ ಮಾಡಿ ಟೇಪಿನ ಮೇಲಿಟ್ಟು, ಅಂಟು ಮೆತ್ತಗಾಗಲು ಕಾಯುತ್ತಾರೆ. ತುದಿಯನ್ನು ಮೇಲಕ್ಕೆತ್ತದೆ, ಹಿಂದಕ್ಕೆ ಮಡಚಿ ಕೂದಲೆಳೆಯಷ್ಟೇ ಸರಿಸುತ್ತಾರೆ. ಸೆರಗಿನ ಬಳಿ ಸ್ವಲ್ಪ ಬಣ್ಣ ಎದ್ದೇಬಿಡುತ್ತದೆ. ಕೈ ನಿಲ್ಲುತ್ತದೆ. ಜಯದೇವಪ್ಪ ಬಗ್ಗಿ ಬಗ್ಗಿ ನೋಡುತ್ತಾರೆ.

"ಅಣ್ಣಾರೆ, ನೀವು ಹಿಂಗೆ ಉಸಿರು ಬಿಟ್ರೆ ನಿಮ್ಮವ್ವ ಹಾರಿ ಹೋಗ್ತಾಳ್ರಿ. ಅತ್ತಾಗೆ ಕುಂತ್ಕಳ್ರಿ."

ಮತ್ತೆ ಬೆಚ್ಚಗಿನ ಬಟ್ಟೆ, ಮತ್ತೆ ಕಾಯುವುದು. ಕೆನ್ನೆ ದಾಟಿ ಕಣ್ಣಿನ ಹತ್ತಿರ ಬಂದಾಗ ಟೇಪು ತಾನಾಗಿ ಸಡಿಲಗೊಳ್ಳುತ್ತದೆ. ಅದರ ಒಳಮೈಯಲ್ಲಿ ಬೂದುಬಣ್ಣದ ಪುಡಿ. ಕಸ್ತೂರಮ್ಮ ಬೆರಳಿಗೆ ತಾಗಿಸಿ ನೋಡಿ, ಇದೇನೆಂದು ಕೇಳುತ್ತಾರೆ.

ಜಯದೇವಪ್ಪ ನಾಚಿಕೊಳ್ಳುತ್ತಾರೆ. "ವಿಭೂತಿ ಕಣಕ್ಕ. ಅವ್ವ ಬೋಳು ಹಣೆಯಾಗೆ ಒಂದಿನ ಇದ್ದೋಳಲ್ಲ. ಫೋಟೊದಾಗೂ ಹಣೆಗೆ ಹಚ್ಚೇ ಟೇಪ್ ಹಾಕಿದ್ದೆ. ಕಣ್ಣಿನ ಮ್ಯಾಲೂ ಉದುರಿತ್ತು."

ಆ ಪುಡಿ ಅಂಟಿಗೂ ಮುಖಕ್ಕೂ ನಡುವೆ ಕೂತು, ಅಂಟನ್ನು ಇಳಿಯಗೊಟ್ಟಿರಲಿಲ್ಲ. ಕಣ್ಣು, ಹಣೆ ಎರಡೂ ಹಾಗೇ ಉಳಿದಿವೆ. ಜಯದೇವಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೊರಗೆ ಹೋಗಿ ಎರಡು ಚಹಾ ಹೇಳಿ ಬರುತ್ತಾರೆ.

ಹರಿದ ಜಾಗಕ್ಕೆ ಕಸ್ತೂರಮ್ಮ ಹಿಂದಿನಿಂದ ತೆಳು ಕಾಗದ ಇಟ್ಟು, ಮಾವ ಕಲಿಸಿದ ಮೈದಾ ಗಂಜಿಯನ್ನೇ ತೆಳ್ಳಗೆ ಸವರುತ್ತಾರೆ. ಗಂಜಿ ಸಾಕೇ, ಇನ್ನೂ ಗಟ್ಟಿ ಅಂಟು ಬೇಡವೇ ಎಂಬ ಅನುಮಾನ ಜಯದೇವಪ್ಪನವರಿಗೆ.

"ಗಟ್ಟಿ ಅಂಟಿನ ಪಾಡು ಈಗ ನೋಡಿದ್ರಲ್ಲ. ಇದು ಒಂಚೂರು ತೇವ ಮಾಡಿದ್ರೆ ಬಿಡ್ತೈತೆ," ಎನ್ನುತ್ತಾರೆ ಕಸ್ತೂರಮ್ಮ, ಫೋಟೊದಿಂದ ಕಣ್ಣೆತ್ತದೆ. "ನಾನು ಹೋದ ಮ್ಯಾಲೆ ಯಾರಾದ್ರೂ ಇದನ್ನ ಬಿಚ್ಚಾಕೆ ಕುಂತ್ರೆ, ಅವರ ಕೈಯಾಗೆ ಹರೀಬಾರ್ದು. ಅಷ್ಟಾದ್ರೆ ಸಾಕು ನಂಗೆ."